ಚಾಲಕನ ಮನಸ್ಸನ್ನು ತೂಗುವ ತಕ್ಕಡಿ

(ದತ್ತಿ ಉಪನ್ಯಾಸದ ಪಠ್ಯ)

ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಳಿ 2023ರ ಮೇ 29ರಂದು ಖಾಸಗಿ ಬಸ್ಸಿಗೂ ಕಾರಿಗೂ ಡಿಕ್ಕಿಯಾಗಿ, ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದ 10 ಮಂದಿ ಸತ್ತರು. ಅದಕ್ಕೂ ಮೊದಲು, 2018ರ ನವೆಂಬರ್ 24ರಂದು, ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜೀವ ಹೋದವು. ದೇಶದ ಲೆಕ್ಕಕ್ಕೆ ಬಂದರೆ 2022ರ ಒಂದೇ ವರ್ಷದಲ್ಲಿ ರಸ್ತೆಯ ಮೇಲೆ 1,68,491 ಜನ ತೀರಿಕೊಂಡರು. ಇಂಥ ದುರಂತದ ಮರುದಿನ ಅರಳಿಕಟ್ಟೆಯಿಂದ ವಿಧಾನಸೌಧದವರೆಗೆ ಕೇಳಿಬರುವ ಪ್ರಶ್ನೆ ಒಂದೇ: ಡ್ರೈವರ್ ಎಂಥವನು? ರಸ್ತೆಯ ಅಗಲ, ಬಸ್ಸಿನ ವಯಸ್ಸು, ನಾಲೆಯ ತಡೆಗೋಡೆ ಆಮೇಲಿನ ಮಾತು. ಆ ಪ್ರಶ್ನೆಯ ಬೆನ್ನಿಗೇ ಒಂದು ಸಲಹೆ ಬರುತ್ತದೆ. ಬಸ್ಸು, ಲಾರಿ ಓಡಿಸುವವರ ಕೈಗೆ ಸ್ಟೀರಿಂಗ್ ಕೊಡುವ ಮೊದಲು ಅವರ ಮನಸ್ಸನ್ನು ಪರೀಕ್ಷೆ ಮಾಡಿ. ಮುಂಗೋಪಿ ಯಾರು, ಮೈಮರೆಯುವವನು ಯಾರು, ದುಡುಕುವವನು ಯಾರು ಎಂದು ಮೊದಲೇ ಜರಡಿ ಹಿಡಿಯಿರಿ, ಅರ್ಧ ಅಪಘಾತ ತಾನಾಗಿ ನಿಲ್ಲುತ್ತದೆ ಎಂದು. ಕೇಳಲು ನ್ಯಾಯವಾದ ಮಾತು. ಇದು ನಿಜವೇ ಎಂಬುದಷ್ಟೇ ಇವತ್ತಿನ ಉಪನ್ಯಾಸದ ವಿಷಯ. ನನ್ನ ಉತ್ತರವನ್ನು ಮುಚ್ಚಿಟ್ಟು ಕೊನೆಗೆ ಬಿಚ್ಚುವ ಇರಾದೆ ನನಗಿಲ್ಲ: ಇವತ್ತು ಯಾರು ಸ್ಟೀರಿಂಗ್ ಹಿಡಿಯಬಾರದು ಎಂಬುದನ್ನು ಈ ಪರೀಕ್ಷೆಗಳು ತಕ್ಕಮಟ್ಟಿಗೆ ಹೇಳಬಲ್ಲವು; ಮುಂದಿನ ವರ್ಷ ಯಾರು ಸುರಕ್ಷಿತವಾಗಿ ಓಡಿಸುತ್ತಾರೆ ಎಂಬುದನ್ನು ಹೇಳಲಾರವು. ಎರಡನೆಯದನ್ನು ತಿಳಿಯಬೇಕಾದರೆ ಡಿಪೋದ ಡ್ಯೂಟಿ ಪಟ್ಟಿಯನ್ನು ಓದಬೇಕು.

ಈ ಚರ್ಚೆ ಮೈಸೂರು ಸೀಮೆಗೆ ಹೊಸದಾಗಿ ಬಂದದ್ದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ತೆರೆಯಿತು; ಕಲ್ಕತ್ತೆಯನ್ನು ಬಿಟ್ಟರೆ ಇಡೀ ದೇಶದಲ್ಲಿ ಅದೇ ಮೊದಲು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರನ್ನು ನಾವು 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಶುರುಮಾಡಿದವರೆಂದು ನೆನೆಯುತ್ತೇವೆ. ಆದರೆ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಅವರು ಕಲಿತದ್ದು ಬುದ್ಧಿಯನ್ನು ಅಳೆಯುವ ವಿದ್ಯೆ, ಅವರ ಮೊದಲ ಸಂಶೋಧನೆ ನಡೆದದ್ದು ಕೈಕಣ್ಣಿನ ಕಲಿಕೆಗೂ ಬುದ್ಧಿಗೂ ಇರುವ ನಂಟಿನ ಬಗ್ಗೆ. ಚಾಲನೆಯೂ ಕೈಕಣ್ಣಿನ ಕಲಿಕೆಯೇ. ಅತ್ತ ಅಮೆರಿಕದಲ್ಲಿ ಹಾರ್ವರ್ಡಿನ ಹ್ಯೂಗೊ ಮುನ್‌ಸ್ಟರ್‌ಬರ್ಗ್ ಅಷ್ಟರಲ್ಲೇ ಟ್ರಾಂ ಚಾಲಕರಿಗೊಂದು ಪರೀಕ್ಷೆ ರಚಿಸಿದ್ದ. ಕಾರ್ಡಿನ ನಡುವೆ ಎರಡು ಗೆರೆ, ಅದು ಟ್ರಾಂ ಹಳಿ, ಅಕ್ಕಪಕ್ಕ ಅಂಕಿಗಳು. 1 ಎಂದರೆ ನಡೆದು ಹೋಗುವವನು, 2 ಎಂದರೆ ಕುದುರೆ, 3 ಎಂದರೆ ಮೋಟಾರು. ಕಪ್ಪು ಅಂಕಿ ಹಳಿಯ ಜೊತೆಜೊತೆಗೇ ಸಾಗುವಂಥದು, ಕೆಂಪು ಅಂಕಿ ಹಳಿಗೆ ಅಡ್ಡ ಬರುವಂಥದು. ಕಾರ್ಡು ಸರಿಯುತ್ತಿದ್ದಂತೆ ಯಾವ ಕೆಂಪು ಅಂಕಿ ಹಳಿಯ ಮೇಲೆ ಬಂದು ಬೀಳುತ್ತದೆಂದು ಚಾಲಕ ತಟ್ಟನೆ ಹೇಳಬೇಕು. ಅಪಘಾತವಿಲ್ಲದೆ ವರ್ಷಾನುಗಟ್ಟಲೆ ದುಡಿದವರು ಇದರಲ್ಲಿ ಮೇಲಾದರು, ಕೆಲಸ ಕಳೆದುಕೊಳ್ಳುವ ಹಂತದಲ್ಲಿದ್ದವರು ಹಿಂದೆ ಬಿದ್ದರು ಎಂದು ಅವನು ಬರೆದ. ಪರೀಕ್ಷೆ ಜಾಣತನದ್ದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅವನಿಗೆ ಸಿಕ್ಕವರು ಕಂಪನಿಯೇ ಒಳ್ಳೆಯವರು, ಕೆಟ್ಟವರು ಎಂದು ಆರಿಸಿ ಕಳಿಸಿದವರು. ಎರಡು ತುದಿಗಳನ್ನು ಹಿಡಿದು ಅಳೆದರೆ ನಡುವಿನ ಬಹುಸಂಖ್ಯಾತರ ಬಗ್ಗೆ ಏನೂ ತಿಳಿಯುವುದಿಲ್ಲ. ಈ ವಿದ್ಯೆಗೆ ಹುಟ್ಟುವಾಗಲೇ ಅಂಟಿದ ಆ ದೋಷ ಇಂದಿಗೂ ಪೂರ್ತಿ ಬಿಟ್ಟಿಲ್ಲ.

ಮುನ್‌ಸ್ಟರ್‌ಬರ್ಗನ ನಂತರ ಬಂದ ದೊಡ್ಡ ಕಲ್ಪನೆಯೆಂದರೆ ‘ಅಪಘಾತ ಪ್ರವೃತ್ತಿ’. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮದ್ದುಗುಂಡು ಕಾರ್ಖಾನೆಗಳ ಹೆಣ್ಣಾಳುಗಳ ಗಾಯದ ಲೆಕ್ಕವನ್ನು ಮೇಜರ್ ಗ್ರೀನ್‌ವುಡ್ ಮತ್ತು ಹಿಲ್ಡಾ ವುಡ್ಸ್ 1919ರಲ್ಲಿ ಪ್ರಕಟಿಸಿದರು. ಕೆಲವರೇ ಮತ್ತೆ ಮತ್ತೆ ಗಾಯಗೊಂಡಿದ್ದರು. 1926ರ ಹೊತ್ತಿಗೆ ಜರ್ಮನಿಯ ಕಾರ್ಲ್ ಮಾರ್ಬೆ, ಇಂಗ್ಲೆಂಡಿನ ಫಾರ್ಮರ್ ಮತ್ತು ಚೇಂಬರ್ಸ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು: ಕೆಲವರಿಗೆ ಅಪಘಾತ ಹುಟ್ಟುಗುಣ. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಮುಂದಿನ ನೂರು ವರ್ಷದ ಗೊಂದಲವೆಲ್ಲ ಹುಟ್ಟಿದ್ದು ಈ ಜಾಗದಲ್ಲೇ. ಒಂದು ಸಾರಿಗೆ ಸಂಸ್ಥೆಯಲ್ಲಿ 1000 ಚಾಲಕರಿದ್ದಾರೆ ಎಂದುಕೊಳ್ಳಿ. ಎಲ್ಲರೂ ಸರಿಸಮಾನ ಜಾಣರು, ಸರಿಸಮಾನ ಎಚ್ಚರಸ್ಥರು, ಒಬ್ಬನಿಗೂ ಇನ್ನೊಬ್ಬನಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ವರ್ಷಕ್ಕೆ ಒಟ್ಟು 500 ಸಣ್ಣಪುಟ್ಟ ಅಪಘಾತಗಳು ಬರೀ ಆಕಸ್ಮಿಕವಾಗಿ ಅವರ ಮೇಲೆ ಬೀಳುತ್ತವೆ, ಅಂಗಳದಲ್ಲಿ ಹರಡಿದ ಮೊರಗಳ ಮೇಲೆ ಮಳೆಹನಿ ಬಿದ್ದಂತೆ. ಸಂಭವಗಣಿತದ ಪ್ರಕಾರ ಸುಮಾರು 607 ಜನರಿಗೆ ಒಂದೂ ಇರುವುದಿಲ್ಲ, 303 ಜನರಿಗೆ ಒಂದು, 76 ಜನರಿಗೆ ಎರಡು, 13 ಜನರಿಗೆ ಮೂರು, ಒಬ್ಬಿಬ್ಬರಿಗೆ ನಾಲ್ಕು. ಎರಡು ಅಥವಾ ಹೆಚ್ಚು ಅಪಘಾತದವರು 90 ಮಂದಿ. ಅವರ ತಲೆಗೆ ಬರುವ ಅಪಘಾತಗಳು 200ರ ಹತ್ತಿರ. ಪತ್ರಿಕೆಯವರು ಇದನ್ನು ಹೇಗೆ ಬರೆಯುತ್ತಾರೆ? ‘ನೂರಕ್ಕೆ 9 ಚಾಲಕರಿಂದ ನೂರಕ್ಕೆ 40 ಅಪಘಾತ’ ಎಂದು. ಓದಿದವರಿಗೆ ರಕ್ತ ಕುದಿಯುತ್ತದೆ, ಆ 90 ಜನರನ್ನು ಮನೆಗೆ ಕಳಿಸಿ ಎಂಬ ಕೂಗೇಳುತ್ತದೆ. ಕಳಿಸಿ ಬೇರೆ 90 ಜನರನ್ನು ತಂದರೂ ಮುಂದಿನ ವರ್ಷ ಅದೇ 500 ಅಪಘಾತ. ಕಳಿಸಿದ್ದು ಕೆಟ್ಟ ಚಾಲಕರನ್ನಲ್ಲ, ಕೆಟ್ಟ ಗಳಿಗೆ ಪಾಲಿಗೆ ಬಂದವರನ್ನು.

ಹಾಗಾದರೆ ಚಾಲಕರ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ. ಗ್ರೀನ್‌ವುಡ್ ಅವರ ಲೆಕ್ಕದಲ್ಲೇ ಬರೀ ಆಕಸ್ಮಿಕ ಎಂದರೆ ಅಂಕಿಗಳು ಹೊಂದಲಿಲ್ಲ. ಕೆಲವರಿಗೆ ಅಪಾಯದ ಪಾಲು ತುಸು ಹೆಚ್ಚಿತ್ತು. ಕೆನಡಾದ ಟಿಲ್‌ಮನ್ ಮತ್ತು ಹಾಬ್ಸ್ 1949ರಲ್ಲಿ ಟ್ಯಾಕ್ಸಿ ಚಾಲಕರನ್ನು ಅಭ್ಯಸಿಸಿ, ಮನುಷ್ಯ ಹೇಗೆ ಬಾಳುತ್ತಾನೋ ಹಾಗೇ ಗಾಡಿ ಓಡಿಸುತ್ತಾನೆ ಎಂಬ ತೀರ್ಮಾನಕ್ಕೆ ಬಂದರು. ಸಾಲಗಾರನಾಗಿ, ಜಗಳಗಂಟನಾಗಿ, ಕೋರ್ಟು ಕಚೇರಿ ಅಲೆಯುವವನಾಗಿ ಇದ್ದವನಿಗೆ ಅಪಘಾತವೂ ಹೆಚ್ಚು ಎಂದರು. ಮಾತು ಚೆನ್ನಾಗಿದೆ, ಎಲ್ಲ ಕಡೆ ಉಲ್ಲೇಖವಾಗುತ್ತದೆ. ಆದರೆ ಸಾಲ ತೀರಿಸಲು ಹದಿನಾಲ್ಕು ಗಂಟೆ ದುಡಿಯುವವನು ಅಪಘಾತ ಮಾಡಿಕೊಂಡರೆ ಅದು ಅವನ ಸ್ವಭಾವವೋ ಸಾಲವೋ ಎಂದು ಅವರು ಬಿಡಿಸಿ ನೋಡಲಿಲ್ಲ. ಇದಕ್ಕಿಂತ ಅಚ್ಚುಕಟ್ಟಾದ ಕೆಲಸ ಫಿನ್ಲೆಂಡಿನ ಸೌಲಿ ಹ್ಯಾಕಿನೆನ್ ಅವರದು. ಹೆಲ್ಸಿಂಕಿಯ ಬಸ್ ಮತ್ತು ಟ್ರಾಂ ಚಾಲಕರ ಹಲವು ವರ್ಷಗಳ ದಾಖಲೆಯನ್ನು ಹಿಡಿದು 1958ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಅಪಘಾತ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಗಮನದ ಪರೀಕ್ಷೆಗಳಲ್ಲಿ, ಕೈಕಾಲುಗಳ ಹೊಂದಾಣಿಕೆಯಲ್ಲಿ ನಿಜವಾದ ಅಂತರ ಕಂಡಿತು. ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಅತ್ಯಂತ ಗಟ್ಟಿ ಸಾಕ್ಷ್ಯ ಇದೇ. ಅದು ಗಟ್ಟಿಯಾದದ್ದು ಹೇಗೆಂದರೆ, ಆ ಚಾಲಕರೆಲ್ಲ ಒಂದೇ ಊರಿನಲ್ಲಿ, ಒಂದೇ ಸಂಸ್ಥೆಯ ಶಿಸ್ತಿನಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಬೀದಿಗಳಲ್ಲಿ ವರ್ಷಗಟ್ಟಲೆ ಓಡಿಸಿದವರು. ಉಳಿದೆಲ್ಲವೂ ಸಮನಾದಾಗ ಮನುಷ್ಯನ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲಿ ಉಳಿದದ್ದು ಸಮನಾಗಿರುವುದೇ ಇಲ್ಲ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ರಸ್ತೆಗಳನ್ನೇ ನೋಡಿ. ಅಳಗಂಚಿಯ ಸಕ್ಕರೆ ಕಾರ್ಖಾನೆ ಅರೆಯುವ ಕಾಲಕ್ಕೆ ಕಬ್ಬು ಹೇರಿದ ಗಾಡಿ, ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಕತ್ತಲಲ್ಲಿ ನಡೆಯುತ್ತವೆ. ಹುರುಳಿ, ರಾಗಿ ಕೊಯ್ಲಾದ ಮೇಲೆ ತೆನೆಯನ್ನು ಡಾಂಬರಿನ ಮೇಲೇ ಹರಡುತ್ತಾರೆ, ಗಾಡಿಗಳು ತುಳಿದು ಒಕ್ಕಣೆ ಮಾಡಿಕೊಡಲಿ ಎಂದು. ಅದರ ಮೇಲೆ ಬ್ರೇಕ್ ಹಾಕಿದ ಬೈಕು, ಬಸ್ಸು ಜಾರುವುದು ಎಲ್ಲರಿಗೂ ಗೊತ್ತು, ಹರಡುವುದಂತೂ ನಿಂತಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆ, ಮುಡುಕುತೊರೆ ಜಾತ್ರೆ, ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ನೆರೆಯುವ ಕುಂಭಮೇಳ ಬಂದಾಗ ರಸ್ತೆ ಯಾವುದು, ಜನ ಯಾವುದು ತಿಳಿಯುವುದಿಲ್ಲ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆ. 2009ರಿಂದ ಬಂದಿರುವ ಈ ನಿರ್ಬಂಧ ಕಾಡುಪ್ರಾಣಿಗಳಿಗೆ ಒಳ್ಳೆಯದೇ, ಆದರೆ ಗೇಟು ಮುಚ್ಚುವ ಮೊದಲು ದಾಟಬೇಕೆಂಬ ಆತುರ ಸಂಜೆಯ ಲಾರಿಗಳ ಆ್ಯಕ್ಸಿಲರೇಟರ್ ಮೇಲೆ ಕೂತಿರುತ್ತದೆ. ಹೆದ್ದಾರಿಯ ರೂಟಿನವನನ್ನೂ ನಾವೀಗ ಸೇರಿರುವ ಈ ದೇವನೂರಿನಂಥ ಊರುಗಳನ್ನು ಸುತ್ತುವ ಹಳ್ಳಿ ರೂಟಿನವನನ್ನೂ ಅಕ್ಕಪಕ್ಕ ನಿಲ್ಲಿಸಿ, ಇಬ್ಬರ ಅಪಘಾತದ ಸಂಖ್ಯೆಯನ್ನು ಅವರವರ ಮನಸ್ಸಿನ ಅಂಕಕ್ಕೆ ಗಂಟುಹಾಕಿದರೆ, ನಾವು ಅಳೆದದ್ದು ರಸ್ತೆಯನ್ನು, ಹೆಸರು ಕೊಟ್ಟದ್ದು ಮನಸ್ಸಿಗೆ.

ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ಸಮೀಕ್ಷೆ 1991ರಲ್ಲಿ ಬಂತು. ಮಾಡಿದವರು ಅಮೆರಿಕದ ವಿನ್‌ಫ್ರೆಡ್ ಆರ್ಥರ್, ಜೆರಾಲ್ಡ್ ಬ್ಯಾರೆಟ್, ರಾಲ್ಫ್ ಅಲೆಕ್ಸಾಂಡರ್. ಹಲವು ಸದ್ದುಗಳ ನಡುವೆ ಬೇಕಾದದ್ದನ್ನು ಮಾತ್ರ ಹಿಡಿಯುವ ಗಮನಶಕ್ತಿಯ ಪರೀಕ್ಷೆಗೆ ಅಪಘಾತದೊಡನೆ ಇದ್ದ ಸಹಸಂಬಂಧ 0.25ರ ಆಸುಪಾಸು. ಇದೇ ಮುಂಚೂಣಿಯ ಫಲ. ಬುದ್ಧಿಮತ್ತೆಯ ಪರೀಕ್ಷೆ ಅದರ ಅರ್ಧಕ್ಕೆ ನಿಂತಿತು. ಸಹಸಂಬಂಧ 1 ಆದರೆ ಪರೀಕ್ಷೆ ಭವಿಷ್ಯವನ್ನು ಚಾಚೂ ತಪ್ಪದೆ ಹೇಳುತ್ತದೆ, 0 ಆದರೆ ಗಿಣಿಶಾಸ್ತ್ರಕ್ಕೆ ಸಮ. 0.25 ಎಂದರೆ ಚಾಲಕರ ಅಪಘಾತದ ಏರಿಳಿತದಲ್ಲಿ ನೂರಕ್ಕೆ ಆರು ಪಾಲನ್ನಷ್ಟೇ ಪರೀಕ್ಷೆ ವಿವರಿಸುತ್ತದೆ. ಉಳಿದ 94 ಪಾಲು ಎಲ್ಲೋ ಬೇರೆ ಕಡೆ ಇದೆ. ಇದನ್ನು ಜನರ ಲೆಕ್ಕಕ್ಕೆ ಇಳಿಸಿ ನೋಡೋಣ. 1000 ಚಾಲಕರಲ್ಲಿ ವರ್ಷಕ್ಕೆ 50 ಜನರಿಗೆ ಗಂಭೀರ ಅಪಘಾತವಾಗುತ್ತದೆ ಎಂದಿಟ್ಟುಕೊಳ್ಳಿ. ಪರೀಕ್ಷೆಯೊಂದು ಅಪಘಾತ ಮಾಡಲಿರುವ ನೂರರಲ್ಲಿ 70 ಜನರನ್ನು ಸರಿಯಾಗಿ ಹಿಡಿಯುತ್ತದೆ, ಮಾಡದಿರುವ ನೂರರಲ್ಲಿ 80 ಜನರನ್ನು ಸರಿಯಾಗಿ ಬಿಡುತ್ತದೆ. ಒಳ್ಳೆಯ ಪರೀಕ್ಷೆಯೇ ಎನ್ನಿಸುತ್ತದೆ, ಅಲ್ಲವೇ? ಅದು 50ರಲ್ಲಿ 35 ಜನರನ್ನು ಹಿಡಿಯಿತು, 15 ಜನ ತಪ್ಪಿಸಿಕೊಂಡರು. ಉಳಿದ 950ರಲ್ಲಿ 190 ಜನರನ್ನೂ ಹಿಡಿಯಿತು. ಅಪಾಯಕಾರಿ ಎಂಬ ಮುದ್ರೆ ಬಿದ್ದ 225 ಜನರಲ್ಲಿ ನಿಜಕ್ಕೂ ಅಪಘಾತ ಮಾಡುವವರು ನೂರಕ್ಕೆ 16. ಮಿಕ್ಕವರು ನಿರಪರಾಧಿಗಳು. ಈ ಕಾಲ್ಪನಿಕ ಪರೀಕ್ಷೆಯ ಸಹಸಂಬಂಧವನ್ನು ಲೆಕ್ಕ ಹಾಕಿದರೆ 0.26 ಬರುತ್ತದೆ. ಅಂದರೆ ನಾನು ಬೇಕೆಂದೇ ಕಳಪೆ ಪರೀಕ್ಷೆಯನ್ನು ಉದಾಹರಣೆಗೆ ತಂದಿಲ್ಲ. 1991ರ ಸಮೀಕ್ಷೆಯ ಪಟ್ಟದ ಕುದುರೆಯೇ ಇದು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. 50ರಲ್ಲಿ 35 ಅಪಘಾತ ತಪ್ಪುವುದಾದರೆ 190 ಜನರಿಗೆ ಅನ್ಯಾಯವಾದರೆ ಆಗಲಿ, ಪ್ರಯಾಣಿಕರ ಜೀವಕ್ಕಿಂತ ಡ್ರೈವರ್ ಕೆಲಸ ದೊಡ್ಡದೇ, ಎಂದು ಕೇಳಬಹುದು. ಹೊಸ ನೇಮಕಾತಿಯ ಮಟ್ಟಿಗೆ ಈ ಆಕ್ಷೇಪದಲ್ಲಿ ಸತ್ಯಾಂಶವಿದೆ ಎಂದು ಒಪ್ಪುತ್ತೇನೆ. ಒಂದು ಹುದ್ದೆಗೆ ಹತ್ತಾರು ಅರ್ಜಿ ಬರುವಲ್ಲಿ ಹೇಗೂ ಬಹಳ ಜನರನ್ನು ಬಿಡಲೇಬೇಕು; ಚೀಟಿ ಎತ್ತಿ ಬಿಡುವುದಕ್ಕಿಂತ ಇಷ್ಟಾದರೂ ಸುಳಿವಿರುವ ಪರೀಕ್ಷೆಯಿಂದ ಬಿಡುವುದು ಮೇಲು. ಆದರೆ 1991ರ ಸಮೀಕ್ಷೆಯ ಆ 0.25 ಹುಟ್ಟಿದ್ದು ಸಂಶೋಧನೆಯ ಕೋಣೆಯಲ್ಲಿ, ಸೋತರೂ ಏನೂ ಕಳೆದುಕೊಳ್ಳದವರ ಮೇಲೆ. ಪರೀಕ್ಷೆಗೆ ಹೊಟ್ಟೆಪಾಡು ಅಂಟಿಕೊಂಡ ದಿನವೇ ಅದಕ್ಕೊಂದು ಕೋಚಿಂಗ್ ಸೆಂಟರು ಹುಟ್ಟುತ್ತದೆ, ಹಳೆಯ ಪ್ರಶ್ನೆಗಳ ಪುಸ್ತಕ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುತ್ತದೆ. ಇನ್ನು ಈಗಾಗಲೇ ಇಪ್ಪತ್ತು ವರ್ಷ ಓಡಿಸಿರುವವನ ಮೇಲೆ ಇದೇ ಜರಡಿ ಹಿಡಿದರೆ ಅದು ಬರೀ ಅನ್ಯಾಯ ಮಾತ್ರವಲ್ಲ, ಮೂರ್ಖತನ. ಇಪ್ಪತ್ತು ವರ್ಷದ ರಸ್ತೆ ಹೇಳಿದ್ದನ್ನು ಬಿಟ್ಟು ಇಪ್ಪತ್ತು ನಿಮಿಷದ ಪರದೆ ಹೇಳಿದ್ದನ್ನು ನಂಬಿದ ಹಾಗೆ.

ಪರೀಕ್ಷೆಗಳ ಒಳಗೆ ಏನಿರುತ್ತದೆ ಎಂಬುದನ್ನೂ ಸ್ವಲ್ಪ ನೋಡಬೇಕು. ಜನರಿಗೆ ಮೊದಲು ಹೊಳೆಯುವುದು ಪ್ರತಿಕ್ರಿಯೆಯ ವೇಗ. ಕೆಂಪು ದೀಪ ಹತ್ತಿದ ತಕ್ಷಣ ಗುಂಡಿ ಒತ್ತುವವನು ಒಳ್ಳೆಯ ಚಾಲಕ ಎಂದು. ಅಮೆರಿಕದಲ್ಲಿ ಪರವಾನಗಿ ಪಡೆದ ರೇಸ್ ಚಾಲಕರ ಸಾಮಾನ್ಯ ರಸ್ತೆಯ ದಾಖಲೆಯನ್ನು ವಿಲಿಯಮ್ಸ್ ಮತ್ತು ಓನೀಲ್ 1974ರಲ್ಲಿ ತೆಗೆದು ನೋಡಿದರು. ಕೈಚಳಕದಲ್ಲಿ ಅವರನ್ನು ಮೀರಿಸುವವರಿಲ್ಲ. ಅಪಘಾತ, ದಂಡ ಎರಡರಲ್ಲೂ ಅವರು ನಮ್ಮ ನಿಮ್ಮಂಥವರಿಗಿಂತ ಮುಂದಿದ್ದರು. ಕೈಚಳಕ ಹೆಚ್ಚಿದ್ದವನು ಅದನ್ನು ಉಳಿತಾಯಕ್ಕೆ ಇಡುವುದಿಲ್ಲ, ವೇಗಕ್ಕೆ ಖರ್ಚು ಮಾಡುತ್ತಾನೆ. ಇಂಗ್ಲೆಂಡಿನ ಜೇಮ್ಸ್ ರೀಸನ್ ಮತ್ತು ಸಂಗಡಿಗರು 1990ರಲ್ಲಿ ಚಾಲಕರ ನಡವಳಿಕೆಯ ಪ್ರಶ್ನಾವಳಿ ರಚಿಸಿದಾಗ ಇದಕ್ಕೊಂದು ಬೆಳಕು ಸಿಕ್ಕಿತು. ಅರಿಯದೆ ಆಗುವ ತಪ್ಪು ಬೇರೆ, ಅರಿತೂ ಮಾಡುವ ಉಲ್ಲಂಘನೆ ಬೇರೆ ಎಂದು ಅವರು ವಿಂಗಡಿಸಿದರು. ಮೊದಲನೆಯದು ಶಕ್ತಿಯ ಮಾತು, ಎರಡನೆಯದು ಇಚ್ಛೆಯ ಮಾತು. ಶಕ್ತಿಯನ್ನು ಯಂತ್ರ ಅಳೆಯುತ್ತದೆ. ಇಚ್ಛೆಯನ್ನು ಅಳೆಯಲು ಅವನನ್ನೇ ಕೇಳಬೇಕು. ‘ನಿಮಗೆ ಬೇಗ ಸಿಟ್ಟು ಬರುತ್ತದೆಯೇ?’ ಎಂದು ಕೆಲಸ ಕೇಳಿಕೊಂಡು ಬಂದವನಿಗೆ ಕೇಳಿದರೆ ಉತ್ತರ ಏನೆಂದು ಹೇಳಲು ಮನಶ್ಶಾಸ್ತ್ರ ಓದಬೇಕಾಗಿಲ್ಲ. ಸ್ವೀಡನ್ನಿನ ಅಫ್ ವಾಲ್‌ಬರ್ಗ್ ಈ ಬಗೆಯ ಅಧ್ಯಯನಗಳ ಮೇಲೆ ಇನ್ನೊಂದು ಕಟು ಟೀಕೆ ಮಾಡಿದ್ದಾರೆ: ಸ್ವಭಾವವನ್ನೂ ಅಪಘಾತವನ್ನೂ ಎರಡನ್ನೂ ಚಾಲಕನ ಬಾಯಿಂದಲೇ ಕೇಳಿ ಪಡೆದರೆ, ಕಾಣುವ ಸಂಬಂಧ ಅವನ ಪ್ರಾಮಾಣಿಕತೆಯದ್ದೇ ಹೊರತು ಚಾಲನೆಯದ್ದಲ್ಲ. ಇದರ ಜೊತೆಗೆ ಭಾಷೆಯ ತೊಡಕು ಬೇರೆ. ಬ್ರಿಟಿಷ್ ಮೋಟಾರು ಹೆದ್ದಾರಿಯ ಲೇನ್‌ಗಳ ಬಗ್ಗೆ ಬರೆದ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ, ಎತ್ತಿನಗಾಡಿಗೆ ಸೈಡ್ ಬಿಟ್ಟುಕೊಂಡು ಓಡಿಸುವವನ ಮುಂದಿಟ್ಟರೆ ಅವನ ಉತ್ತರದಿಂದ ತಿಳಿಯುವುದು ಅವನು ಎಷ್ಟನೇ ಕ್ಲಾಸಿನವರೆಗೆ ಓದಿದ್ದಾನೆ ಎಂಬುದಷ್ಟೇ.

ಸ್ವಭಾವ ಪರೀಕ್ಷೆ ಕೆಲಸ ಮಾಡಿತು ಎನ್ನುವವರು ತೋರಿಸುವ ಪ್ರಸಿದ್ಧ ಉದಾಹರಣೆ ದಕ್ಷಿಣ ಆಫ್ರಿಕದ ಪುಟ್ಕೋ ಬಸ್ ಕಂಪನಿಯದು. ಲಿನೆಟ್ ಶಾ ಮತ್ತು ಹರ್ಬರ್ಟ್ ಸಿಶೆಲ್ 1971ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆಯಿಂದ ಅಪಾಯಕಾರಿ ಚಾಲಕರನ್ನು ಗುರುತಿಸಬಹುದು ಎಂದು ವಾದಿಸಿದರು. ಸಂಖ್ಯಾಶಾಸ್ತ್ರದಲ್ಲಿ ಸಿಶೆಲ್ ಕಡಿಮೆಯವರಲ್ಲ. ಆದರೆ ಆ ಕಾಲ, ಆ ದೇಶ ಮರೆಯಬಾರದು. ಚಾಲಕರು ಕರಿಯರು, ಆಡಳಿತ ಬಿಳಿಯರದು, ವರ್ಣಭೇದವೇ ಕಾನೂನು. ಆಳುವವರ ವಿಷಯದಲ್ಲಿ ಮರ್ಯಾದೆ, ವಿಧೇಯತೆ ತೋರದ ಕಥೆ ಹೇಳಿದವನು ‘ಅಪಾಯಕಾರಿ ಮನಸ್ಸಿನವನು’ ಎನಿಸಿಕೊಳ್ಳುವುದು ಅಲ್ಲಿ ಎಷ್ಟು ಸುಲಭವೆಂದು ನಮಗೆ, ಜಾತಿಯ ಏಣಿಯಲ್ಲಿ ಕೆಳಗಿನವನ ತಲೆ ಎತ್ತಿದ ನಡಿಗೆಯನ್ನೇ ಕೊಬ್ಬು ಎಂದು ಕರೆದು ರೂಢಿಯಿರುವ ನಾಡಿನವರಿಗೆ, ಯಾರೂ ಬಿಡಿಸಿ ಹೇಳಬೇಕಿಲ್ಲ. ಸ್ವಭಾವಕ್ಕೆ ಅಂಕ ಕೊಡುವ ಅಧಿಕಾರ ಯಾರ ಕೈಲಿದೆ ಎಂಬುದೂ ಪರೀಕ್ಷೆಯ ಒಂದು ಅಂಗ.

‘ರೈಲ್ವೆಯವರು ಮಾಡುತ್ತಿಲ್ಲವೇ?’ ಎಂಬುದು ಮುಂದಿನ ಪ್ರಶ್ನೆ. ಮಾಡುತ್ತಿದ್ದಾರೆ, ಚೆನ್ನಾಗಿಯೇ ಮಾಡುತ್ತಿದ್ದಾರೆ. ಹೃದಯನಾಥ ಕುಂಜ್ರು ಅಧ್ಯಕ್ಷತೆಯ 1962ರ ರೈಲು ಅಪಘಾತ ಸಮಿತಿಯ ಬಳಿಕ 1964ರಲ್ಲಿ ರೈಲ್ವೆಯಲ್ಲಿ ಮನೋತಾಂತ್ರಿಕ ಘಟಕ ಹುಟ್ಟಿತು. ಈಗ ಲಖನೌದ ಆರ್‌ಡಿಎಸ್‌ಒ ಸಂಸ್ಥೆ ಅದನ್ನು ನಡೆಸುತ್ತದೆ. ಸಹಾಯಕ ಲೋಕೊ ಪೈಲಟ್ ಆಗಬೇಕಾದವರು ಕಂಪ್ಯೂಟರ್ ಆಧಾರಿತ ಅಭಿಕ್ಷಮತಾ ಪರೀಕ್ಷೆಯಲ್ಲಿ ಪ್ರತಿ ಭಾಗದಲ್ಲೂ ಕನಿಷ್ಠ 42 ಟಿ-ಅಂಕ ಪಡೆಯಬೇಕು, ಯಾವ ವರ್ಗಕ್ಕೂ ವಿನಾಯಿತಿ ಇಲ್ಲ. ಟಿ-ಅಂಕದಲ್ಲಿ 50 ಎಂದರೆ ಸರಾಸರಿ. ಅಂದರೆ ರೈಲ್ವೆಯವರು ಕೇಳುತ್ತಿರುವುದು ಸರಾಸರಿಗಿಂತ ತುಸು ಕೆಳಗಿನ ಮಟ್ಟ. ಅರ್ಹತಾ ಪಟ್ಟಿಯಲ್ಲಿ ಈ ಅಂಕಕ್ಕೆ ನೂರಕ್ಕೆ 30ರ ತೂಕ ಇದೆ, ನಿಜ. ಆದರೂ ಆ 42ರ ಗೆರೆಯ ಅರ್ಥ ಸ್ಪಷ್ಟ. ಅದು ಹೊಸ್ತಿಲು, ಮೆಟ್ಟಿಲಲ್ಲ. ಸಿಗ್ನಲ್ಲನ್ನು ಗಮನಿಸಲಾರದವನನ್ನು ಹೊರಗಿಡುವುದು ಅದರ ಕೆಲಸ, ಒಳಗೆ ಬಂದವರಲ್ಲಿ ಯಾರು ಎಷ್ಟು ಸುರಕ್ಷಿತರು ಎಂದು ಸಾಲು ನಿಲ್ಲಿಸುವುದಲ್ಲ. ಮೇಲಾಗಿ ರೈಲು ಹಳಿಯ ಮೇಲೆ ಓಡುತ್ತದೆ, ಅದಕ್ಕೆ ಸಿಗ್ನಲ್ ಇದೆ, ಚಾಲಕ ಅಲುಗದೆ ಕೂತರೆ ಎಚ್ಚರಿಸಿ ಬ್ರೇಕ್ ಹಾಕುವ ಸಾಧನವಿದೆ. ರೈಲ್ವೆಯ ಸುರಕ್ಷತೆಯನ್ನೆಲ್ಲ ಮನೋಪರೀಕ್ಷೆಯ ಖಾತೆಗೆ ಬರೆದುಕೊಳ್ಳುವುದು ತಪ್ಪು. ಬಸ್ಸಿಗೆ ಇಂಥದೊಂದು ಹೊಸ್ತಿಲು ಈಗಲೂ ಅರ್ಧ ಇದೆ. ಸಾರಿಗೆ ವಾಹನದ ಲೈಸೆನ್ಸಿಗೆ ಬೇಕಾದ 1-ಎ ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಕಣ್ಣು, ಕಿವಿ, ಕೆಂಪು-ಹಸಿರು ಬಣ್ಣದ ಗುರುತು, ಇರುಳುಗಣ್ಣು, ಕುಡಿತದ ಚಟ ಇವನ್ನು ಕೇಳುತ್ತದೆ. ಅದನ್ನು ಕಾಗದದ ಶಾಸ್ತ್ರವಾಗಿಸದೆ ನಿಜವಾಗಿ ಮಾಡಿದರೆ ಯಾವ ಆಮದು ಯಂತ್ರಕ್ಕಿಂತಲೂ ಹೆಚ್ಚು ಜೀವ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಂತ್ರದ ಪರೀಕ್ಷೆಗೆ ವಶೀಲಿ ನಡೆಯುವುದಿಲ್ಲ, ಅದಕ್ಕಾದರೂ ಬೇಡವೇ ಎನ್ನುವವರಿದ್ದಾರೆ. ಇದು ಸರಿಯಾದ ಮಾತು. ಕೆಎಸ್‌ಆರ್‌ಟಿಸಿ ಚಾಲಕರ ಆಯ್ಕೆಗೆ ಹಾಸನದ ಗಣಕೀಕೃತ ಟ್ರ್ಯಾಕಿನಲ್ಲಿ ಸೆನ್ಸರ್‌ಗಳ ಮೇಲೆ ಬಸ್ಸು ಓಡಿಸಿ ತೋರಿಸಬೇಕು; ಗೆರೆ ಮುಟ್ಟಿದರೆ ಅಂಕ ಹೋಗುತ್ತದೆ, ಯಾರ ಶಿಫಾರಸೂ ಆ ಗೆರೆಯನ್ನು ಸರಿಸಲಾರದು. ಆದರೆ ನ್ಯಾಯವಾದ ಪರೀಕ್ಷೆಯೆಲ್ಲ ಭವಿಷ್ಯ ನುಡಿಯುವ ಪರೀಕ್ಷೆ ಆಗುವುದಿಲ್ಲ. ಆ ಟ್ರ್ಯಾಕು ತೋರಿಸುವುದು ಇವನಿಗೆ ಬಸ್ಸು ಓಡಿಸಲು ಬರುತ್ತದೆ ಎಂಬುದನ್ನು. ಬೆಳಗಿನ ಜಾವ ಎದ್ದವನು ಸಂಜೆಯ ಕೊನೇ ಟ್ರಿಪ್ಪಿನಲ್ಲಿ ಹೇಗೆ ಓಡಿಸುತ್ತಾನೆ ಎಂಬುದನ್ನು ಅದು ಹೇಳದು.

ಈಗ ಪರೀಕ್ಷೆ ವಿವರಿಸದೆ ಬಿಟ್ಟ ಆ 94 ಪಾಲಿನ ಕಡೆಗೆ ತಿರುಗೋಣ. ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಹೊಂದಾಣಿಕೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಕುಡಿದವನನ್ನು ಪೊಲೀಸರು ಊದಿಸಿ ಹಿಡಿಯುತ್ತಾರೆ. ನಿದ್ದೆಗೆಟ್ಟವನನ್ನು ಹಿಡಿಯುವ ಕೊಳವೆ ಇಲ್ಲ, ಅವನನ್ನು ಡ್ಯೂಟಿಗೆ ಹಾಕಿದವರನ್ನು ಕೇಳುವವರೂ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಸತತ 5 ಗಂಟೆಗೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು ಬರೆದಿಟ್ಟಿತು. ಬರಹಕ್ಕೂ ರಸ್ತೆಗೂ ಇರುವ ದೂರ ಲಾರಿಯವರಿಗೆ ಗೊತ್ತು, ಟೂರಿಸ್ಟ್ ಗಾಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಸರ್ಕಾರಿ ಬಸ್ಸಿನವರ ಪಾಡು ಬೇರೆ ಬಗೆಯದು. ನೈಟ್ ಹಾಲ್ಟ್ ಬಸ್ಸು ರಾತ್ರಿ ಹಳ್ಳಿ ಸೇರುತ್ತದೆ, ಸಿಬ್ಬಂದಿ ಬಸ್ಸಿನ ಸೀಟಿನ ಮೇಲೋ ಹಳ್ಳಿಯ ಜಗಲಿಯ ಮೇಲೋ ಸೊಳ್ಳೆಯ ನಡುವೆ ಮಲಗಿ, ಕೋಳಿ ಕೂಗುವ ಹೊತ್ತಿಗೆ ಕಾಲೇಜು ಮಕ್ಕಳನ್ನೂ ಮಂಡಿಗೆ ಸೊಪ್ಪು ಹೊರುವವರನ್ನೂ ಹತ್ತಿಸಿಕೊಂಡು ಹೊರಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಊರಾಚೆಯ ದಾರಿ ತೆರೆಯಿತು, ಅದು ಈ ರಾಜ್ಯದ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಹತ್ತಿಳಿಯುವವರು ಹೆಚ್ಚಿದರೂ ಟ್ರಿಪ್ಪಿನ ರನ್ನಿಂಗ್ ಟೈಮ್ ಹಳೆಯದೇ ಆಗಿದ್ದರೆ, ಸ್ಟಾಪಿನಲ್ಲಿ ಕಳೆದುಹೋದ ನಿಮಿಷಗಳನ್ನು ಚಾಲಕ ತಿರುವಿನಲ್ಲಿ ಗಳಿಸಿಕೊಳ್ಳಬೇಕಾಗುತ್ತದೆ. ಇದನ್ನು ಅವನ ದುಡುಕು ಸ್ವಭಾವವೆಂದು ಕರೆಯುವ ಪ್ರಶ್ನಾವಳಿ ಸಿದ್ಧವಾಗಿಯೇ ಇರುತ್ತದೆ. ಸ್ಟಾಕ್‌ಹೋಮಿನಲ್ಲಿ ಒಂದು ಬಸ್ ಮಾರ್ಗವನ್ನೇ ತಿದ್ದಿ, ಅಡಚಣೆ ತಗ್ಗಿಸಿ ನೋಡಿದರು. ಅದೇ ಚಾಲಕರ ಮನಸ್ಸಿನ ಒತ್ತಡ, ರಕ್ತದೊತ್ತಡ ಇಳಿದದ್ದನ್ನು ಇವಾನ್ಸ್, ಯೋಹಾನ್ಸನ್, ರೈಡ್‌ಸ್ಟೆಟ್ 1999ರಲ್ಲಿ ದಾಖಲಿಸಿದರು. ಮನುಷ್ಯರು ಅವರೇ. ಬದಲಾದದ್ದು ಮಾರ್ಗ.

ಚಾಲಕನನ್ನೇ ಅಳೆಯಲೇಬೇಕು ಎಂದಾದರೆ ಅಳತೆ ಡಿಪೋದಲ್ಲೇ ಇದೆ. ಪ್ರತಿ ಚಾಲಕನ ಕೆಎಂಪಿಎಲ್, ಅಂದರೆ ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕವನ್ನು ಡಿಪೋ ದಿನವೂ ಬರೆಯುತ್ತದೆ. ಮುಂದಿನದನ್ನು ಮೊದಲೇ ಕಂಡು ಕಾಲು ಸಡಿಲಿಸುವವನು, ತಟ್ಟನೆ ಬ್ರೇಕ್ ಒತ್ತದವನು ಡೀಸೆಲ್ ಉಳಿಸುತ್ತಾನೆ. ಅಫ್ ವಾಲ್‌ಬರ್ಗ್ ಉಪ್ಸಾಲಾದ ಬಸ್ಸುಗಳಲ್ಲಿ ಅಳೆದದ್ದೂ ಇಂಥದನ್ನೇ: ವೇಗದ ಏರಿಳಿತ ಹೆಚ್ಚಿದಷ್ಟೂ ಅಪಘಾತದ ಸಂಭವ ಹೆಚ್ಚು ಎಂಬುದು ಅವರ ವಾದ. ಮನಸ್ಸಿನ ಎಚ್ಚರ ಹೀಗೆ ಡೀಸೆಲ್ ಲೆಕ್ಕದಲ್ಲಿ ಅಷ್ಟಿಷ್ಟು ಬಿದ್ದಿರುತ್ತದೆ. ಆದರೆ ಇದನ್ನೂ ಕಣ್ಣುಮುಚ್ಚಿ ನಂಬಬಾರದು. ಹಳೆಯ ಗಾಡಿ, ತುಂಬಿದ ಬಸ್ಸು, ಹಂಪಿರುವ ರೂಟು ಸಿಕ್ಕವನ ಅಂಕಿ ತಾನಾಗಿ ಇಳಿಯುತ್ತದೆ. ಅಂಕಿಗಾಗಿ ಪೀಡಿಸಿದರೆ ಇಳಿಜಾರಿನಲ್ಲಿ ಗೇರು ನ್ಯೂಟ್ರಲ್‌ಗೆ ತಳ್ಳಿ ಬಿಡುವ ಚಪಲ ಹುಟ್ಟುತ್ತದೆ, ಅದು ಎಲ್ಲಕ್ಕಿಂತ ಅಪಾಯ. ಅದೇ ಗಾಡಿ, ಅದೇ ರೂಟಿನ ಚಾಲಕರನ್ನು ತಮ್ಮತಮ್ಮಲ್ಲೇ ಹೋಲಿಸಿದರೆ ಮಾತ್ರ ಆ ಪುಸ್ತಕ ನಿಜ ಹೇಳುತ್ತದೆ. ಒಬ್ಬನ ಅಂಕಿ ಇದ್ದಕ್ಕಿದ್ದಂತೆ ಕುಸಿದರೆ ಅವನನ್ನು ಕರೆದು ಮೆಮೊ ಕೊಡುವ ಬದಲು ಕೂರಿಸಿಕೊಂಡು ಮಾತಾಡಿಸಬೇಕು. ಮನೆಯಲ್ಲಿ ಕಾಯಿಲೆಯೋ, ಕಣ್ಣಿಗೆ ಪೊರೆಯೋ, ಗೊರಕೆಯ ನಡುವೆ ಉಸಿರು ಕಟ್ಟಿ ರಾತ್ರಿಯಿಡೀ ನಿದ್ದೆಯಿಲ್ಲವೋ ತಿಳಿಯುತ್ತದೆ. ಮನೋವಿಜ್ಞಾನಿಯ ನಿಜವಾದ ಜಾಗ ಅಲ್ಲಿದೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಡ್ಯೂಟಿಗೆ ಮರಳುವವನಿಗೆ, ಮಧುಮೇಹದಿಂದ ಕಣ್ಣು ಮಂಜಾದವನಿಗೆ, ತನ್ನ ಚಕ್ರದಡಿ ಒಬ್ಬ ಸತ್ತದ್ದನ್ನು ಕಂಡು ಮರುವಾರವೇ ಅದೇ ರಸ್ತೆಗೆ ಹೋಗಬೇಕಾದವನಿಗೆ ಗಮನದ ಪರೀಕ್ಷೆಯೂ ಬೇಕು, ಸಮಾಧಾನದ ಮಾತೂ ಬೇಕು. ಆ ಪರೀಕ್ಷೆಯ ಫಲ ವೈದ್ಯರ ಬಳಿ ಇರಬೇಕು, ಶಿಸ್ತುಕ್ರಮದ ಕಡತದಲ್ಲಲ್ಲ. ಇಲ್ಲದಿದ್ದರೆ ಯಾವ ಚಾಲಕನೂ ತನಗೆ ನಿದ್ದೆ ಬರುತ್ತಿಲ್ಲವೆಂದು ಬಾಯಿಬಿಡುವುದಿಲ್ಲ.

ಈ ಸಭೆಯಲ್ಲಿ ಪಂಚಾಯಿತಿಯವರಿದ್ದೀರಿ, ಸಾರಿಗೆ ಸಂಸ್ಥೆಯಲ್ಲಿ ದುಡಿಯುವವರಿದ್ದೀರಿ, ಮನೆಯಲ್ಲಿ ಡ್ರೈವರ್ ಇರುವವರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಅಪಘಾತವಾದಾಗ ಪೊಲೀಸರು ಬರೆಯುವ, ಡಿಪೋ ಬರೆಯುವ, ಆರ್‌ಟಿಒ ಬರೆಯುವ ವರದಿಗಳಲ್ಲಿ ಚಾಲಕನ ಹೆಸರು, ವಯಸ್ಸು, ಲೈಸೆನ್ಸ್ ನಂಬರು ಇರುತ್ತದೆ, ಅತಿವೇಗ ಮತ್ತು ಅಜಾಗರೂಕತೆ ಎಂಬ ಎರಡು ಪದ ಇರುತ್ತದೆ. ಅವುಗಳ ಪಕ್ಕದಲ್ಲಿ ಇನ್ನೂ ಎರಡು ಕಾಲಂ ಹಾಕಿಸಿ: ಆ ಹೊತ್ತಿಗೆ ಅವನು ಡ್ಯೂಟಿಗೆ ಹತ್ತಿ ಎಷ್ಟು ಗಂಟೆಯಾಗಿತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದ. ಆ ಎರಡು ಅಂಕಿಗಳನ್ನು ಐದು ವರ್ಷ ತಪ್ಪದೆ ಬರೆಯಲಿ. ಚಾಲಕರ ಮನಸ್ಸಿಗೆ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಮೇಲೆ ಇದೇ ದೇವನೂರಿನಲ್ಲಿ ಕೂತು ಮಾತಾಡೋಣ.